ಬೆನ್ನು ಅಡ್ಡ ಬರುವ ಜಾಗ

ಅರ್ಷಿಯಾಳ ಎಡ ಮೊಣಕೈಗೆ ಮತ್ತೆ ಪೆಟ್ಟು ಬಿತ್ತು. ಟೆರೇಸಿನ ಮೇಲೆ ನೀರಿನ ಟ್ಯಾಂಕಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಜಪಾನಿನ ಓಕಿನಾವಾದ ಮುದುಕ ಮಾತ್ರ ಏನೂ ಆಗದವನಂತೆ ಎರಡೂ ಕೈಯಲ್ಲಿ ಮರದ ತುಂಡುಗಳನ್ನು ತಿರುಗಿಸುತ್ತಲೇ ಇದ್ದ. ಅವಳು ಬಗ್ಗಿ ವಿಡಿಯೊ ನಿಲ್ಲಿಸಿದಳು. ಮೊಣಕೈ ಉಜ್ಜಿಕೊಳ್ಳುತ್ತ ಅಲ್ಲೇ ಕೂತಳು. ಸಿದ್ದಾಪುರದ ಬಸ್ಸಿಗೆ ಹೊತ್ತಾಗುತ್ತಿತ್ತು. ಏಳುವ ಮನಸ್ಸಿರಲಿಲ್ಲ.

ಆ ಮರದ ತುಂಡಿಗೆ ತೊನ್ಫಾ ಅಂತ ಹೆಸರು. ಮುಂಗೈಗಿಂತ ತುಸು ಉದ್ದದ ಕೋಲು, ಒಂದು ತುದಿಯ ಹತ್ತಿರ ಅಡ್ಡಕ್ಕೊಂದು ಹಿಡಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದರೆ ಕೋಲು ಮುಂಗೈಯ ಕೆಳಗೆ ಅಂಟಿಕೊಂಡು ನಿಲ್ಲುತ್ತದೆ. ಮುಷ್ಟಿ ಸಡಿಲಿಸಿ ಬೀಸಿದರೆ ಸುತ್ತು ಹೊಡೆದು, ಎದುರಿನವನಿಗೆ ತಾಗಿ, ಮತ್ತೆ ಮುಂಗೈಗೇ ಬಂದು ಸೇರಬೇಕು. ಅರ್ಷಿಯಾಳದ್ದು ಮೊಣಕೈಗೆ ಬರುತ್ತಿತ್ತು.

ಅವಳು ಶಿರಸಿಯವಳು, ಕರಾಟೆ ಮಿಸ್. ಶಾಲೆಗಳಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸುವ ಕೆಲಸ. ವಾರದ ಮೊದಲ ದಿನಗಳು ಸಿದ್ದಾಪುರದ ಕಡೆ, ನಡುವೆ ಶಿರಸಿ, ಕೊನೆಗೆ ಮಂಚಿಕೇರಿ, ಯಲ್ಲಾಪುರ. ಎಲ್ಲಾ ಕಡೆಗೂ ಬಸ್ಸೇ. ಒಂದೊಂದು ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಿಟ್ಟುಕೊಡುತ್ತಿದ್ದರು, ಇನ್ನೊಂದರಲ್ಲಿ ಪರೀಕ್ಷೆ ಹತ್ತಿರ ಬಂತು ಅಂತ ಗೇಟಿನಿಂದಲೇ ವಾಪಸ್ಸು ಕಳಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಮಂಡಿ ಬೇರೆ ಕೈಕೊಡುತ್ತಿತ್ತು. ಮಕ್ಕಳಿಗೆ ಒದೆಯುವುದು ಹೇಗೆಂದು ತೋರಿಸಿ, ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ತನ್ನನ್ನೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು.

ತೊನ್ಫಾದ ಗೀಳು ಹತ್ತಿಸಿದ್ದು ಮಂಚಿಕೇರಿಯ ಹುಡುಗಿಯರು. ಅವರಲ್ಲಿ ಭೂಮಿಕಾ ಅಂತ ಒಬ್ಬಳು, ಬಾಯಿ ಸುಮ್ಮನಿರದವಳು, ಒಂದು ದಿನ ಕೇಳಿದಳು:

“ಮಿಸ್, ಶಿರಸಿಯ ಹೊಸ ಕ್ಲಾಸಲ್ಲಿ ಆಯುಧ ಕಲಿಸ್ತಾರಂತೆ. ನಮಗೆ ಯಾಕೆ ಕಲಿಸೂದಿಲ್ಲ?”

“ನಿಮಗೆ ಇನ್ನೂ ಟೈಮ್ ಆಗ್ಲಿಲ್ಲ,” ಅಂದಳು ಅರ್ಷಿಯಾ.

ಹೇಳಿದ ಮೇಲೆ ಅವಳಿಗೆ ಬಾಯೆಲ್ಲ ಕಹಿಯಾಯಿತು. ಅದು ಅವಳ ಮಾತಾಗಿರಲಿಲ್ಲ. ಅದು ನಾಗಪತಿ ಸರ್ ಮಾತು.

ನಾಗಪತಿ ಸರ್ ಅವಳಿಗೆ ಕರಾಟೆ ಕಲಿಸಿದವರು. ಶಿರಸಿಯಲ್ಲಿ ಒಂದು ಹಳೇ ಗೋದಾಮಿನಲ್ಲಿ ಅವರ ಕ್ಲಾಸು ನಡೆಯುತ್ತಿತ್ತು. ಗೋಡೆಯ ಮೇಲೆ ಒಂದು ಜೊತೆ ತೊನ್ಫಾ ತೂಗುಹಾಕಿದ್ದರು. ಸರ್ ಅದನ್ನು ಮುಂಬಯಿಯಲ್ಲಿ ಕಲಿತು ಬಂದವರು ಅಂತ ಎಲ್ಲರೂ ಹೇಳುತ್ತಿದ್ದರು. ಅರ್ಷಿಯಾ ಕಂದು ಬೆಲ್ಟ್ ಪಡೆದಾಗ ಕೇಳಿದ್ದಳು, ಕಪ್ಪು ಬೆಲ್ಟ್ ಪಡೆದಾಗ ಮತ್ತೆ ಕೇಳಿದ್ದಳು. “ಟೈಮ್ ಆಗ್ಲಿಲ್ಲ, ನೋಡ್ವ,” ಅನ್ನುತ್ತಿದ್ದರು. ಆ ಟೈಮು ಬರಲೇ ಇಲ್ಲ. ಮದುವೆಯಾದ ಮೇಲೆ ಅವಳು ಕೇಳುವುದನ್ನು ಬಿಟ್ಟಳು. ಆಮೇಲೆ ಅವರನ್ನು ನೋಡಲು ಹೋಗುವುದನ್ನೂ ಬಿಟ್ಟಳು.

ಈಗ ಅದೇ ಮಾತು ತನ್ನ ಬಾಯಿಂದ ಬಂದದ್ದನ್ನು ತಡೆದುಕೊಳ್ಳಲಾಗದೆ, ಪರಿಚಯದ ಬಡಗಿಯ ಹತ್ತಿರ ಹಲಸಿನ ಮರದಲ್ಲಿ ಒಂದು ಜೊತೆ ಮಾಡಿಸಿಕೊಂಡಳು. ಮೊಬೈಲಿನಲ್ಲಿ ಹುಡುಕಿದಾಗ ಆ ಮುದುಕ ಸಿಕ್ಕಿದ. ಅವನ ಭಾಷೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಎದುರು ನಿಂತು ನೋಡಿದರೆ ಅವನ ಬಲಗೈ ಇವಳ ಎಡಗೈ ಆಗುತ್ತಿತ್ತು. ಅದಕ್ಕೆ ಮೊಬೈಲಿಗೆ ಬೆನ್ನು ಹಾಕಿ ನಿಂತು, ಕತ್ತು ಹೊರಳಿಸಿ ನೋಡಿ ಮಾಡುತ್ತಿದ್ದಳು. ನಡುನಡುವೆ ಜಾಹೀರಾತು ಬಂದು ಹಲ್ಲುಜ್ಜುವ ಪೇಸ್ಟಿನ ಹಾಡು ಶುರುವಾಗುತ್ತಿತ್ತು.

“ಯಾರ ಮೇಲೆ ಯುದ್ಧ?” ಅಂತ ಗಂಡ ರಸೂಲ್ ಅವಳ ಕೈಯ ನೀಲಿ ಗುರುತು ನೋಡಿ ಕೇಳಿದ. ಅವನು ಗೂಡ್ಸ್ ಟೆಂಪೋ ಓಡಿಸುವವನು, ಅವನೂ ದಣಿದೇ ಮನೆಗೆ ಬರುವವನು.

“ಯಾರ ಮೇಲೂ ಅಲ್ಲ.”

“ಮತ್ತೆ ಇಷ್ಟು ಯಾಕೆ ಹೊಡ್ಸ್ಕೊಳ್ತೀಯ?” ಅಂದು, ಅವಳ ಉತ್ತರಕ್ಕೆ ಕಾಯದೆ ಅರಿಶಿನ ಬಿಸಿ ಮಾಡಿಕೊಂಡು ಬಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕೈಗೆ ಪೆಟ್ಟು ಬೀಳುವುದು ಕಡಿಮೆಯಾಯಿತು. ಬಿಗಿ ಹಿಡಿದರೆ ಕೋಲು ತಿರುಗುವುದಿಲ್ಲ, ಪೂರ್ತಿ ಬಿಟ್ಟರೆ ಹಾರಿಹೋಗುತ್ತದೆ ಅನ್ನುವುದು ಕೈಗೆ ಗೊತ್ತಾಯಿತು. ಮುದುಕ ಮಾಡುವ ಕಟಾ, ಅಂದರೆ ಮೊದಲಿನಿಂದ ಕೊನೆಯವರೆಗಿನ ಆ ವರಸೆ, ಅರ್ಧಕ್ಕಿಂತ ಹೆಚ್ಚು ಬರುತ್ತಿತ್ತು. ಆದರೆ ಒಂದು ಕಡೆ ಅವಳು ಸಿಕ್ಕಿಬಿದ್ದಳು. ಅಲ್ಲಿ ಮುದುಕ ಗರಕ್ಕನೆ ತಿರುಗುತ್ತಾನೆ, ಅವನ ಬೆನ್ನು ಅಡ್ಡ ಬರುತ್ತದೆ. ಮತ್ತೆ ಈಚೆ ತಿರುಗಿದಾಗ ತೊನ್ಫಾ ಅವನ ಕೈಯಲ್ಲಿ ತಲೆಕೆಳಗಾಗಿರುತ್ತದೆ: ಕೋಲಿನ ತುದಿ ಮುಷ್ಟಿಯಲ್ಲಿ, ಹಿಡಿ ಕೊಕ್ಕೆಯ ಹಾಗೆ ಹೊರಗೆ. ನಡುವೆ ಕೈ ಏನು ಮಾಡಿತು ಅನ್ನುವುದು ಕಾಣುವುದೇ ಇಲ್ಲ. ಎಷ್ಟು ನಿಧಾನ ಮಾಡಿ ನೋಡಿದರೂ ಬೆನ್ನು ನಿಧಾನವಾಗಿ ಅಡ್ಡ ಬರುತ್ತಿತ್ತು, ಅಷ್ಟೆ. ವಿಡಿಯೊದ ಕೆಳಗೆ ಯಾವ ಯಾವುದೋ ದೇಶದವರು ಇದನ್ನೇ ಕೇಳಿದ್ದರು. ಯಾರೂ ಉತ್ತರ ಬರೆದಿರಲಿಲ್ಲ.

ಅವಳು ಪ್ರಯತ್ನಿಸಿದಾಗಲೆಲ್ಲ ತೊನ್ಫಾ ಕೈಜಾರಿ ಟೆರೇಸಿನ ಮೇಲೆ ಬೀಳುತ್ತಿತ್ತು. ಕೆಳಗಿನ ಮನೆಯವರು ದೂರು ಹೇಳಿದರು. ಕೊನೆಗೆ ಒಂದು ಭಾನುವಾರ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಭೈರುಂಬೆಯ ಬಸ್ಸು ಹತ್ತಿದಳು. ಕ್ಲಾಸು ಮುಚ್ಚಿದ ಮೇಲೆ ನಾಗಪತಿ ಸರ್ ಅಲ್ಲೇ ತಮ್ಮ ಜಮೀನಿನಲ್ಲಿ ಇದ್ದರು.

ಬಾಗಿಲು ತೆಗೆದದ್ದು ಅವರ ಹೆಂಡತಿ ಅನ್ನಪೂರ್ಣವ್ವ. ಹಾವೇರಿ ಕಡೆಯಿಂದ ಬಂದ ಹೆಂಗಸು, ಇಷ್ಟು ವರ್ಷವಾದರೂ ಆ ಕಡೆಯ ಮಾತು ಬಿಟ್ಟಿರಲಿಲ್ಲ.

“ಅಯ್ಯ, ಅರ್ಷಿಯಾ! ಬಾರವ್ವ ಒಳಗ. ಎಷ್ಟು ಸೊರಗೀಯಲ್ಲ!”

ಸರ್ ಹೊರಗಿನ ಜಗಲಿಯಲ್ಲಿ ಕೂತಿದ್ದರು. ಭುಜ ಇಳಿದುಹೋಗಿತ್ತು. ಚಹಾ ಕುಡಿದಾದ ಮೇಲೆ ಅವಳು ಚೀಲದಿಂದ ತೊನ್ಫಾ ತೆಗೆದು ಅವರ ಮುಂದಿಟ್ಟಳು.

“ಸರ್, ನೀವು ಕಲಿಸ್ಲಿಲ್ಲ. ಅದ್ರ ಬಗ್ಗೆ ಈಗ ಜಗಳ ಮಾಡೂಕೆ ಬಂದದ್ದಲ್ಲ. ವಿಡಿಯೊ ನೋಡಿ ಕಲಿತಾ ಇದ್ದೇನೆ. ಒಂದು ಜಾಗ ಬರೂದಿಲ್ಲ. ಅದೊಂದು ಹೇಳ್ಕೊಡಿ ಸಾಕು.”

ನಾಗಪತಿ ಅದನ್ನು ಎತ್ತಿಕೊಂಡರು. ಹಿಡಿಯನ್ನು ಹೆಬ್ಬೆರಳಿನಿಂದ ಸವರಿದರು. ಒಳಗಿನಿಂದ ಪಾತ್ರೆಯ ಸದ್ದು ಬರುತ್ತಿತ್ತು. ಅವರು ತೊನ್ಫಾವನ್ನು ಮತ್ತೆ ಅವಳ ಕಡೆಗೇ ಸರಿಸಿದರು.

“ಸರ್?”

“ನಂಗೆ ಇದು ಬರೂದಿಲ್ಲ ಮಾರಾಯ್ತಿ.”

“ಮರ್ತು ಹೋಯ್ತಾ?”

“ಮರೀಲಿಕ್ಕೆ ಕಲ್ತಿದ್ರೆ ತಾನೆ?” ಅವರು ಅವಳ ಕಡೆ ನೋಡದೆ ಹೇಳಿದರು. “ಮುಂಬಯಿಯಲ್ಲಿ ಕ್ಯಾಂಟೀನಲ್ಲಿದ್ದೆ. ಸಂಜೆ ಕರಾಟೆ ಕ್ಲಾಸಿಗೆ ಹೋಗ್ತಿದ್ದೆ. ಆಯುಧ ಹಿಡಿಸೂದ್ರೊಳಗೆ ಆ ಕ್ಲಾಸೇ ಮುಚ್ಚಿತು. ಊರಿಗೆ ಬರೂವಾಗ ಅಂಗಡಿಯಲ್ಲಿ ಒಂದು ಜೊತೆ ತಗಂಡು ಬಂದೆ, ಗೋಡೆಗೆ ಚಂದ ಕಾಣ್ತದೆ ಅಂತ. ಯಾರೋ ಬರ್ತದಾ ಅಂತ ಕೇಳಿದ್ರು. ಹ್ಞೂಂ ಅಂದೆ. ಒಮ್ಮೆ ಹ್ಞೂಂ ಅಂದ್ಮೇಲೆ ಎಂತ ಮಾಡೂದು?”

ಅರ್ಷಿಯಾಳಿಗೆ ಇಷ್ಟು ವರ್ಷ ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದನ್ನು ಯಾರೋ ದಾರಿ ನಡುವೆ ಇಳಿಸಿಬಿಟ್ಟ ಹಾಗಾಯಿತು. ಆದರೆ ಹಗುರ ಅನ್ನಿಸಲಿಲ್ಲ.

“ನಾನು ಹುಡುಗಿ ಅಂತ ಕಲಿಸ್ಲಿಲ್ಲ ಅಂದ್ಕೊಂಡಿದ್ದೆ,” ಅಂದಳು. “ಆಮೇಲೆ, ನಮ್ಮವಳಲ್ಲ ಅಂತ ಕಲಿಸ್ಲಿಲ್ಲ ಅಂದ್ಕೊಂಡೆ. ಅದನ್ನೇ ನಂಬ್ಕೊಂಡು ನಿಮ್ಮ ಮನೆಗೆ ಬರೂದು ಬಿಟ್ಟೆ ಸರ್.”

ನಾಗಪತಿಯವರ ಮುಖ ಸಣ್ಣದಾಯಿತು. “ಹಾಗೆ ಅಂದ್ಕೊಂಡಿಯಾ,” ಅಂದರು. ಮತ್ತೆ ಅದನ್ನೇ ಅಂದರು. “ಹಾಗೆ ಅಂದ್ಕೊಂಡಿಯಾ. ಅದು ನಂಗೆ ಹೊಳೀಲೇ ಇಲ್ಲ. ನನ್ನ ಮರ್ಯಾದೆ ಉಳೀತು ಅಂತ ಮಾತ್ರ ನೋಡ್ಕಂಡೆ.”

ಸಿಟ್ಟು ಮಾಡಬೇಕಿತ್ತು. ಬಸ್ಸಿನಲ್ಲಿ ಬರುವಾಗ ಬೇರೆ ಮಾತುಗಳನ್ನು ಜೋಡಿಸಿಕೊಂಡಿದ್ದಳು, ಅವು ಯಾವುವೂ ಇಲ್ಲಿ ಹೊಂದುತ್ತಿರಲಿಲ್ಲ. ಸುಸ್ತು ಮಾತ್ರ ಆಯಿತು, ಅಲ್ಲೇ ಜಗಲಿಯ ಮೇಲೆ ಮಲಗಿಬಿಡಬೇಕು ಅನ್ನುವಷ್ಟು.

“ನೀನು ಕಲ್ತದ್ದು ಒಂಚೂರು ತೋರಿಸ್ತಿಯಾ?” ಅಂತ ನಾಗಪತಿ ಕೇಳಿದರು. ದೊಡ್ಡವರ ಹತ್ತಿರ ಏನೋ ಬೇಡುವ ಮಗುವಿನ ದನಿ ಅದು.

ಅವಳು ಎದ್ದು ಅಂಗಳಕ್ಕಿಳಿದಳು. ಮಾಡಿದಳು. ಅನ್ನಪೂರ್ಣವ್ವ ಬಾಗಿಲಲ್ಲಿ ಬಂದು ನಿಂತರು. ಆ ಜಾಗ ಬಂದಾಗ ತೊನ್ಫಾ ಎಂದಿನಂತೆ ಕೈಜಾರಿ ಮಣ್ಣಿಗೆ ಬಿತ್ತು.

“ಇನ್ನೊಮ್ಮೆ,” ಅಂದರು ನಾಗಪತಿ. ಹಳೆಯ ಗೋದಾಮಿನ ದನಿ ಸ್ವಲ್ಪ ಮರಳಿತ್ತು. ತೊನ್ಫಾ ಮತ್ತೆ ಬಿತ್ತು.

“ಕೈ ಎಂತ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲ. ಕಾಲು ಗೊತ್ತು. ತಿರುಗೂವಾಗ ನಿನ್ನ ಹಿಮ್ಮಡಿ ನೆಲ ಬಿಡ್ತಾ ಉಂಟು. ಮಂಡಿ ನೋವಾ?”

“ಹೌದು.”

“ಹಾಗಾರೆ ಅಷ್ಟು ಗರಕ್ಕನೆ ತಿರುಗ್ಬೇಡ. ನಿಧಾನ ತಿರುಗು. ಯಾರಿಗೆ ತೋರಿಸ್ಬೇಕಾಗಿದೆ?”

ಅವಳು ನಿಧಾನವಾಗಿ ತಿರುಗಿದಳು. ತೊನ್ಫಾ ಕೈಯಲ್ಲಿ ಅರ್ಧ ತಿರುಗಿ, ಅಲ್ಲೇ ಓರೆಯಾಗಿ ಸಿಕ್ಕಿಕೊಂಡಿತು. ಸರಿಯಾಗಲಿಲ್ಲ. ಆದರೆ ಬೀಳಲಿಲ್ಲ.

ಹೊರಡುವಾಗ ನಾಗಪತಿ ಗೇಟಿನವರೆಗೂ ಬಂದರು. “ಮತ್ತೆ ಬರ್ತಿಯಾ?” ಅಂದರು. “ಬಸ್ಸು ಬಂತು ಸರ್,” ಅಂದಳು. ಬಸ್ಸು ನಿಜವಾಗಿಯೂ ಬಂದಿತ್ತು. ಕಿಟಕಿಗೆ ತಲೆ ಕೊಟ್ಟವಳು ಶಿರಸಿ ಬರುವವರೆಗೂ ಕಣ್ಣು ಬಿಡಲಿಲ್ಲ. ನಿದ್ದೆಯೇನೂ ಬಂದಿರಲಿಲ್ಲ.

ಆ ವಾರ ಮಂಚಿಕೇರಿಯ ಶಾಲೆಗೆ ಅವಳು ತೊನ್ಫಾ ತಗೊಂಡು ಹೋದಳು. ಹುಡುಗಿಯರು ಸುತ್ತ ನಿಂತರು. ಬರುವಷ್ಟನ್ನು ಮಾಡಿ ತೋರಿಸಿದಳು. ತಿರುಗುವ ಜಾಗಕ್ಕೆ ಬಂದು ನಿಂತುಬಿಟ್ಟಳು.

“ಮುಂದೆ ಮಿಸ್?” ಭೂಮಿಕಾ ಕೇಳಿದಳು.

“ಮುಂದೆ ನನಗೂ ಬರೂದಿಲ್ಲ.”

ಹುಡುಗಿಯರು ಮುಖ ಮುಖ ನೋಡಿಕೊಂಡರು. ಮಿಸ್ ಬಾಯಲ್ಲಿ ಈ ಮಾತನ್ನು ಅವರು ಕೇಳಿರಲಿಲ್ಲ.

“ನಿಮಗೆ ಯಾರು ಕಲಿಸಿದ್ದು?”

“ಯಾರೂ ಕಲಿಸ್ಲಿಲ್ಲ. ವಿಡಿಯೊ ನೋಡಿ ಕಲಿತದ್ದು. ಅದ್ರಲ್ಲಿ ಈ ಜಾಗ ಸರಿ ಕಾಣೂದಿಲ್ಲ.”

“ನಾವು ನೋಡ್ಬಹುದಾ?”

ಅರ್ಷಿಯಾ ಮೊಬೈಲು ತೆಗೆದು ಕೊಟ್ಟಳು. ಹುಡುಗಿಯರೆಲ್ಲ ಅದರ ಮೇಲೆ ಕವುಚಿ ಬಿದ್ದರು. ಹೆಬ್ಬೆರಳು ಮೊದಲು ಬಿಡುತ್ತದೆ ಅಂತ ಒಬ್ಬಳು, ಅಲ್ಲ ಕಿರುಬೆರಳು ಅಂತ ಇನ್ನೊಬ್ಬಳು. ಸ್ಕೇಲು, ಛತ್ರಿ, ಸಿಕ್ಕಿದ್ದನ್ನೆಲ್ಲ ಹಿಡಿದು ತಿರುಗಿಸತೊಡಗಿದರು. ಯಾರದೋ ಛತ್ರಿ ಯಾರದೋ ತಲೆಗೆ ತಾಗಿ ಬೈಗುಳವೂ ನಗುವೂ ಎದ್ದವು. ಅವರನ್ನು ಸಾಲಾಗಿ ನಿಲ್ಲಿಸಬೇಕು ಅಂತ ಅವಳಿಗೆ ಅನ್ನಿಸಿತು. ಆದರೆ ಶಾಲೆಯ ಮೆಟ್ಟಿಲ ಮೇಲೆ ಕಾಲು ನೀಡಿ ಕೂತಳು, ಮಂಡಿಯ ಮೇಲೆ ಕೈಯಿಟ್ಟುಕೊಂಡಳು, ಗಂಟೆ ಹೊಡೆಯುವವರೆಗೂ ಹಾಗೆಯೇ ಕೂತಿದ್ದಳು.