ಬುಧವಾರ ಯಾರದು

ವೊರ್ಬೆಲ್‌ನಲ್ಲಿ ಹೊಳೆ ಒಂದೇ, ಊರು ಎರಡು. ನಕ್ಷೆಯಲ್ಲಿ ಒಂದೇ ಚುಕ್ಕೆ ಇದ್ದರೂ ಮೇಲೂರಿನವರು ಕೆಳಪೇಟೆಗೆ ಇಳಿಯುವಾಗ ಪರದೇಶಕ್ಕೆ ಹೊರಟವರ ಹಾಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. ಜಗಳದ ಮೂಲ ಒಂದು ಕಂಚಿನ ಗಂಟೆ. ಕ್ರಾಂತಿಯ ಕಾಲದಲ್ಲಿ ಫಿರಂಗಿ ಎರೆಯಲು ಕಂಚು ಬೇಕೆಂದು ಪ್ಯಾರಿಸ್ಸಿನಿಂದ ಆಜ್ಞೆ ಬಂದಾಗ ಕೆಳಪೇಟೆಯವರು ಮೇಲೂರಿನ ಇಗರ್ಜಿಯ ಗಂಟೆಯನ್ನು ಇಳಿಸಿ ಗಾಡಿಗೇರಿಸಿದರು. ದೇಶಕ್ಕೆ ಕೊಟ್ಟೆವು ಎಂದು ಇವರು, ಕುಡಿತಕ್ಕೆ ಮಾರಿಕೊಂಡಿರಿ ಎಂದು ಅವರು. ಆಮೇಲೆ ರಾಜರು ಬಂದರು, ಹೋದರು. ಹಂಚಿನ ಕಾರ್ಖಾನೆ ಬಂತು, ಹೋಯಿತು. ಮಹಾಯುದ್ಧ ಎರಡೂ ದಡದ ಹುಡುಗರನ್ನು ಒಂದೇ ಕೆಸರಿನಲ್ಲಿ ಹೂತಿತು. ಹೆಸರು ಕೆತ್ತಲು ಮಾತ್ರ ಎರಡು ಕಲ್ಲು ನಿಂತವು. ಕೊನೆಯ ಬ್ರೆಡ್ಡಿನಂಗಡಿ ಮುಚ್ಚಿದ ಮೇಲೆ ಬಂದ, ಕಾಸು ಹಾಕಿದರೆ ಬ್ರೆಡ್ಡು ಕೊಡುವ ಯಂತ್ರವನ್ನು ಎಲ್ಲಿಡಬೇಕೆಂದು ತೀರ್ಮಾನವಾಗದೆ ಸೇತುವೆಯ ನಟ್ಟನಡುವೆ ಇಟ್ಟರು. ಚಳಿಗಾಲದಲ್ಲಿ ಮುದುಕಿಯರು ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬ್ರೆಡ್ಡು ಹಿಡಿದು ಗಾಳಿಗೆ ಬಾಗಿಕೊಂಡು ನಡೆಯುತ್ತಾರೆ.

ಜಿನೆತ್ ಕೆಳಪೇಟೆಯಲ್ಲಿ ಹುಟ್ಟಿ ಮೇಲೂರಿಗೆ ಮದುವೆಯಾಗಿ ಬಂದವಳು. ಮೊಮ್ಮಕ್ಕಳನ್ನು ಕಂಡ ಮೇಲೂ ಬೀದಿಯವರಿಗೆ ಅವಳು ‘ಕೆಳಗಿನವಳು’. ಅದು ಅವಳಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಗಂಡನ ಕೆಮ್ಮು. ಫೆರ್ನಾಂ ಕಾರ್ಖಾನೆಯ ಗೂಡಿನಲ್ಲಿ ದುಡಿದವನು. ಹಂಚಿನ ಧೂಳು ಅವನ ಎದೆಯಲ್ಲಿ ಮನೆ ಮಾಡಿತ್ತು. ಊರಿನ ಮುದಿ ಡಾಕ್ಟರು ನಿವೃತ್ತರಾಗಿ ಮಗಳ ಮನೆಗೆ ಹೋದ ಮೇಲೆ ಜಿನೆತ್ ಸುತ್ತಲಿನ ಊರುಗಳಿಗೆಲ್ಲ ಫೋನ್ ಮಾಡಿದ್ದಳು. ಎಲ್ಲ ಕಡೆಯೂ ಒಂದೇ ಉತ್ತರ: ಹೊಸ ರೋಗಿಗಳನ್ನು ತೆಗೆದುಕೊಳ್ಳುವುದಿಲ್ಲ.

ಹಾಗಿರುವಾಗ ಮೇಯರ್ ಬರ್ತೊಲೊ ಎಲ್ಲಿಂದಲೋ ಒಬ್ಬ ಡಾಕ್ಟರನ್ನು ಹುಡುಕಿದ. ರುಮೇನಿಯಾದ ಹೆಂಗಸು, ಹೆಸರು ಇಲಿಂಕಾ. ಊರು ನೋಡಿ ಹೇಳುತ್ತೇನೆ ಎಂದಿದ್ದಳಂತೆ. ಭಾನುವಾರದ ಊಟ ಜಿನೆತ್‌ಳ ಮನೆಯಲ್ಲಿ ಎಂದು ನಿಶ್ಚಯವಾಯಿತು. ಅವಳು ಮುಂಜಾನೆಯೇ ಎದ್ದು ಸಾಸಿವೆ ಹಚ್ಚಿದ ಮೊಲವನ್ನು ಒಲೆಗಿಟ್ಟಳು.

ಡಾಕ್ಟರು ಬಂದದ್ದು ಊಟದ ಹೊತ್ತು ಮೀರಿದ ಮೇಲೆ, ಹೊಟ್ಟೆ ತುಂಬಿಸಿಕೊಂಡು. ಕೆಳಪೇಟೆಯ ಕಟುಕ ಒನೊರೆ ಸೇತುವೆಯ ಮೇಲೆಯೇ ಅವಳ ಕಾರನ್ನು ತಡೆದು, ಮನೆಗೆ ಕರೆದೊಯ್ದು, ಕರುಳಿನ ಸಾಸೇಜು ತಿನ್ನಿಸಿದ್ದ. ಸಾಲದ್ದಕ್ಕೆ ಮೇಯರನ ಜೊತೆ ತಾನೂ ಬಂದು ಮೇಜಿಗೆ ಕೂತ.

“ನಿನ್ನನ್ಯಾರು ಕರೆದ್ರಯ್ಯಾ?” ಫೆರ್ನಾಂ ಕೇಳಿದ.

“ಡಾಕ್ಟರಮ್ಮನಿಗೆ ಮೇಲೂರಿನ ಅಡುಗೆ ಒಗ್ಗದೇ ಇದ್ರೆ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ.”

“ಗಂಟೆ ಕದ್ದೋರ ವಂಶ. ಚಮಚ ಎಣಿಸಿಡೇ ಜಿನೆತ್.”

ಇಲಿಂಕಾ ನಕ್ಕಳು. ಸಣ್ಣ ಮುಖ, ದಣಿದ ಕಣ್ಣು. ಬಲವಂತಕ್ಕೆ ಒಂದು ತುಂಡು ಮೊಲ ತಿಂದಳು. ಜಿನೆತ್ ಅವಳ ಕೈಗಳನ್ನೇ ನೋಡುತ್ತಿದ್ದಳು. ಉಗುರು ಮೋಟಾಗಿ ಕತ್ತರಿಸಿದ, ಶಾಂತವಾದ ಕೈಗಳು.

“ಔಷಧಿ ಅಂಗಡಿ ನಮ್ಮಲ್ಲಿದೆ. ಕಾರು ನಿಲ್ಸೋಕೆ ಜಾಗವೂ ನಮ್ಮಲ್ಲೇ,” ಅಂದ ಒನೊರೆ.

“ಹೊಳೆ ಉಕ್ಕಿದ್ರೆ ನೀರೂ ನಿಮ್ಮಲ್ಲೇ,” ಅಂದ ಫೆರ್ನಾಂ. “ಶಾಲೆ ಇರೋದು ಇಲ್ಲಿ. ಇವರಿಗೆ ಮಗು ಇದೆಯಂತೆ.”

ಮೇಯರ್ ಬೆವರು ಒರೆಸಿಕೊಂಡ. ಅವನು ಎರಡೂ ಕಡೆಯ ಮತಗಳಿಂದ ಗೆದ್ದವನು, ಅದಕ್ಕೇ ಯಾವ ವಿಷಯಕ್ಕೂ ಬಾಯಿ ಬಿಡುತ್ತಿರಲಿಲ್ಲ.

ಇಲಿಂಕಾ ಫೋರ್ಕನ್ನು ಕೆಳಗಿಟ್ಟಳು. “ನಾನು ಎರಡು ಕಡೆಯೂ ಕೂರ್ತೀನಿ. ಸೋಮವಾರ, ಮಂಗಳವಾರ ಕೆಳಗೆ. ಗುರುವಾರ, ಶುಕ್ರವಾರ ಮೇಲೆ. ಆಗಬಹುದಾ?”

ಜಿನೆತ್‌ಳ ಎದೆ ಹಗುರವಾಯಿತು. ಎಂತಹ ಸರಳ ಮಾತು. ಎರಡು ಶತಮಾನಗಳಲ್ಲಿ ಯಾರಿಗೂ ಹೊಳೆಯದ ಮಾತು.

“ಬುಧವಾರ?” ಒನೊರೆ ಕೇಳಿದ.

“ಬುಧವಾರ ಯಾವ ಕಡೆಯಾದರೂ. ನೀವೇ ಹೇಳಿ.”

ಜಿನೆತ್ ಮೇಜಿನ ಕೆಳಗೆ ಗಂಡನ ಮೊಣಕಾಲು ಹಿಡಿದಳು. ಕೊಟ್ಟುಬಿಡು, ಒಂದು ಬುಧವಾರ ತಾನೆ, ಕೊಟ್ಟುಬಿಡು. ಫೆರ್ನಾಂ ಅವಳ ಕೈ ಸರಿಸಿದ.

“ಬುಧವಾರ ಮೇಲೂರಿಗೆ,” ಅಂದ. “ಗಂಟೆಯಂತೂ ಹೋಯ್ತು.”

“ಸಂತೆ ಬುಧವಾರ ಕಣಯ್ಯ. ಸಂತೆ ನಮ್ಮಲ್ಲಿ.”

“ಹಾಗಾದ್ರೆ ಯಾವ ದಿನವೂ ಬೇಡ.”

“ಯಾವ ದಿನವೂ ಬೇಡ್ವಾ? ಸರಿ ಹಾಗಾದ್ರೆ, ನಮಗೂ ಬೇಡ.”

“ಒಂದು ವಾರ ಇಲ್ಲಿ, ಒಂದು ವಾರ ಅಲ್ಲಿ?” ಮೇಯರ್ ಕ್ಷೀಣವಾಗಿ ಅಂದ.

“ಮೊದಲನೇ ವಾರ ಎಲ್ಲಿ?” ಇಬ್ಬರೂ ಒಟ್ಟಿಗೇ ಕೇಳಿದರು. ಅವರ ಜೀವಮಾನದಲ್ಲಿ ಒಟ್ಟಿಗೆ ಆಡಿದ ಮಾತು ಬಹುಶಃ ಅದೊಂದೇ.

ಫೆರ್ನಾಂಗೆ ಕೆಮ್ಮು ಬಂತು. ಇಲಿಂಕಾ ತಲೆ ಎತ್ತಿ, ಕಿವಿಗೊಟ್ಟು ಕೇಳಿದಳು. ಅವಳ ಮುಖ ಬದಲಾಯಿತು. “ಎಷ್ಟು ದಿನದಿಂದ ಹೀಗೆ? ಸ್ವಲ್ಪ ಒಳಗೆ ಬನ್ನಿ, ಎದೆ ನೋಡ್ತೀನಿ.”

“ನೋಡೋದು ಆಮೇಲೆ. ಮೊದ್ಲು ಬುಧವಾರ ತೀರ್ಮಾನ ಆಗ್ಲಿ. ಇಲ್ದಿದ್ರೆ ನಾನು ನನ್ನ ಕೆಮ್ಮಿಗೋಸ್ಕರ ಊರನ್ನ ಬಿಟ್ಟುಕೊಟ್ಟೆ ಅಂತ ಇವನು ಸಾಯೋವರೆಗೂ ಹೇಳ್ಕೊಂಡು ತಿರುಗ್ತಾನೆ.”

“ನೀನು ಸತ್ತ ಮೇಲೂ ಹೇಳ್ತೀನಿ,” ಅಂದ ಒನೊರೆ, ಬಹುಮಟ್ಟಿಗೆ ಪ್ರೀತಿಯಿಂದಲೇ.

ಜಿನೆತ್ ಎದ್ದು ನಿಂತು ಏನೋ ಹೇಳಲು ಹೊರಟಳು. ಇಬ್ಬರೂ ಅವಳ ಕಡೆ ತಿರುಗಿದರು. ಅವರ ಕಣ್ಣಲ್ಲಿ ಒಂದೇ ಪ್ರಶ್ನೆಯಿತ್ತು: ನೀನು ಯಾವ ಕಡೆ? ಬುಧವಾರ ಕೆಳಗಿರಲಿ ಎಂದರೆ ಕೆಳಗಿನವಳು ಕೊನೆಗೂ ಬಣ್ಣ ತೋರಿಸಿದಳು ಅನ್ನುತ್ತಾರೆ. ಗಂಡ ಹಟ ಬಿಗಿಹಿಡಿಯುತ್ತಾನೆ. ಮೇಲಿರಲಿ ಎಂದರೆ ಒನೊರೆ ಎದ್ದು ಹೋಗುತ್ತಾನೆ. ಅವಳು ಚೀಸಿನ ತಟ್ಟೆ ತರಲು ಅಡುಗೆಮನೆಗೆ ಹೋದಳು.

ವಾಪಸ್ಸು ಬಂದಾಗ ಇಲಿಂಕಾ ಕೋಟು ತೊಟ್ಟಿದ್ದಳು. ಜಿನೆತ್ ತಟ್ಟೆ ಹಿಡಿದುಕೊಂಡೇ ಅವಳ ಹಿಂದೆ ಬೀದಿಗೆ ಬಂದಳು.

“ಅವರು ಒಳ್ಳೇವ್ರೇ ಡಾಕ್ಟರೇ. ಎರಡು ದಿನ ಬಿಟ್ಟು ನೋಡಿ, ಒಪ್ಪಿಕೊಳ್ತಾರೆ.”

“ಬ್ರೆಡ್ಡಿನ ಯಂತ್ರಕ್ಕೆ ಜಾಗ ಒಪ್ಪಿಕೊಳ್ಳೋಕೆ ಎಷ್ಟು ದಿನ ಹಿಡೀತು?” ಇಲಿಂಕಾ ಮೆಲ್ಲಗೆ ಕೇಳಿದಳು. ದಾರಿಯಲ್ಲಿ ಯಾರೋ ಅದನ್ನು ಹೆಮ್ಮೆಯಿಂದ ಹೇಳಿರಬೇಕು. “ಅಮ್ಮಾ, ನನ್ನನ್ನ ಕರೀತಾ ಇರೋ ಊರು ಇನ್ನೂ ಇವೆ. ನಿಮ್ಮ ಯಜಮಾನರನ್ನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಬೇಡಿ.”

“ಅವರು ಬರಲ್ಲ.”

ಇಲಿಂಕಾ ಜಿನೆತ್‌ಳ ಮುಂಗೈ ಮೇಲೆ ಒಂದು ಕ್ಷಣ ಕೈಯಿಟ್ಟು ಕಾರು ಹತ್ತಿದಳು.

ಒಳಗೆ ವೈನು ಬಗ್ಗಿಸಿಕೊಂಡು ಗಂಟೆಯ ಮಾತಿಗೆ ಮರಳಿದ್ದರು. “ಅವಳನ್ನ ಓಡಿಸಿದ್ದು ನಿನ್ನ ಸಾಸೇಜು,” ಅಂದ ಫೆರ್ನಾಂ. “ಕೆಳಗೂ ಕೂರಲಿಲ್ಲವಲ್ಲ, ಅಷ್ಟು ಸಾಕು ನನಗೆ.” ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಮೇಯರ್ ತಟ್ಟೆ ನೋಡುತ್ತ ಕೂತ. ಒನೊರೆ ಲೋಟ ಕೆಳಗಿಟ್ಟು, ಉತ್ತರವನ್ನು ನಾಲಿಗೆಯ ತುದಿಯಲ್ಲಿ ಹಿಡಿದುಕೊಂಡು, ಎದುರಾಳಿಗೆ ಉಸಿರು ಮರಳಲೆಂದು ಮರ್ಯಾದೆಯಿಂದ ಕಾದ.

ಜಿನೆತ್ ಗಂಡನ ಬೆನ್ನು ನೀವುತ್ತ ನಿಂತಳು. ಅವಳೂ ಕಾದಳು.