ಉಂಡ ಮೇಲೆ ಸಮುದ್ರ

ಬೆಟ್ಟದ ಮೇಲೆ ಹುಟ್ಟಿದವರಿಗೆ ಸಮುದ್ರವೆಂದರೆ ಒಂದು ಕಾಯಿಲೆ. ನನ್ನ ಗಂಡ ಫುಲ್ವಿಯೊ ಅಂಥವನು. ಮೂವತ್ತೆಂಟು ವರ್ಷದಿಂದ ಅವನ ಜೊತೆ ಅವನ ಬೆಟ್ಟದೂರು ಸರ್ನಾನೋದಲ್ಲಿ ಸಂಸಾರ ಮಾಡುತ್ತಿದ್ದೇನೆ. ಆ ಊರಿನವರಿಗೆ ಕುತ್ತಿಗೆಗೆ ಚೂರು ಗಾಳಿ ತಾಗಿದರೆ ಸಾಕು, ಡಾಕ್ಟರ ಮನೆ ಬಾಗಿಲು ತಟ್ಟುತ್ತಾರೆ. ನಾನು ಕೆಳಗಿನವಳು, ಕಡಲ ದಂಡೆಯ ಕುಪ್ರಾದವಳು, ಮೀನುಗಾರನ ಮಗಳು. ನಡೆಯುವುದಕ್ಕೂ ಮೊದಲೇ ಈಜಿದವಳು ಎಂದು ಹೇಳಿಕೊಂಡು ಇಷ್ಟು ವರ್ಷ ಜಂಬದಿಂದಲೇ ಬದುಕಿದೆ.

ಸೋಮವಾರ ನನ್ನ ಎಡಗಿವಿಗೆ ಆಪರೇಷನ್. ಆಮೇಲೆ ಜೀವಮಾನವಿಡೀ ಆ ಕಿವಿಗೆ ನೀರು ಸೋಕಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅದಕ್ಕೆ ಮೊದಲು ಒಂದೇ ಒಂದು ಸಲ, ಕಿವಿಗೆ ಬಿರಡೆ ಇಟ್ಟುಕೊಂಡು, ಎಂದು ಗೊಣಗುತ್ತಲೇ ಒಪ್ಪಿದ್ದರು. ಭಾನುವಾರ ಆಸ್ಪತ್ರೆ ಸೇರಬೇಕು. ಉಳಿದದ್ದು ಶನಿವಾರ ಒಂದೇ. ಅವತ್ತು ಕುಪ್ರಾಕ್ಕೆ ಹೋಗಿ, ನಾನು ಹುಟ್ಟಿದ ನೀರಿನಲ್ಲಿ ಆಸೆ ತೀರುವಷ್ಟು ಮುಳುಗಿ ಬರಬೇಕು. ಬೇರೇನೂ ನಾನು ಕೇಳಿರಲಿಲ್ಲ.

ಒಂದೂವರೆ ಗಂಟೆಯ ದಾರಿ. ಒಂಬತ್ತಕ್ಕೆ ಹೊರಟೆವು. ಜುಲೈ ಬಿಸಿಲಿನಲ್ಲಿ ಕಾರಿನ ಕಿಟಕಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಫುಲ್ವಿಯೊ ಕುತ್ತಿಗೆಗೆ ಕರವಸ್ತ್ರ ಕಟ್ಟಿಕೊಂಡು, ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೆಯುತ್ತ, ಹೆಣ ಸಾಗಿಸುವವನ ಹಾಗೆ ಓಡಿಸುತ್ತಿದ್ದ.

“ಕಿಟಕಿ ಸ್ವಲ್ಪ ಇಳಿಸೋ ಮಾರಾಯ, ಬೆಂದುಹೋಗ್ತಿದೀನಿ.”

“ಬೆವರಿದ ಮೈಗೆ ಗಾಳಿ ಹೊಡೆದ್ರೆ ಸೋಮವಾರ ನಿನ್ನ ಕಿವಿ ಜೊತೆ ನನ್ನ ಸೊಂಟಾನೂ ಕೊಯ್ಯಿಸ್ಬೇಕಾಗತ್ತೆ.”

ದಾರಿಯಲ್ಲಿ ಅಮಾಂದೊಲಾ ಎಂಬ ಊರಿನಲ್ಲಿ ಕಾಫಿಗೆಂದು ಇಳಿದವನು ಹಳೆಯ ಪರಿಚಯದ ಮೆಕಾನಿಕ್ ಒಬ್ಬನನ್ನು ಹಿಡಿದುಕೊಂಡು ಟೈರಿನ ವಿಷಯ ಒಂದು ಗಂಟೆ ಕೊರೆದ. ಅಲ್ಲಿಂದ ಕೆಳಗಿಳಿಯುವ ಬದಲು ಕಾರನ್ನು ಮತ್ತೆ ಬೆಟ್ಟಕ್ಕೆ ತಿರುಗಿಸಿದ.

“ಇದೆಲ್ಲಿಗೆ?”

“ಮೊಂತೆಫಾಲ್ಕೋನೆ. ಜೆಲಿಂದಾ ಅಕ್ಕಂಗೆ ಮುಖ ತೋರಿಸದೆ ಹೋದ್ರೆ ನೆಂಟರೆಲ್ಲ ಆಡ್ಕೋತಾರೆ. ಐದೇ ನಿಮಿಷ ಕಣೇ.”

ಅವನ ಚಿಕ್ಕಪ್ಪನ ಮಗಳು ಈ ಜೆಲಿಂದಾ. ಮನೆಯೊಳಗೆ ಕಾಲಿಟ್ಟರೆ ಮೇಜಿನ ಮೇಲೆ ಆಗಲೇ ನಮ್ಮಿಬ್ಬರದೂ ಸೇರಿ ಆರು ತಟ್ಟೆ! ಈ ಪುಣ್ಯಾತ್ಮ ಹಿಂದಿನ ದಿನವೇ ಫೋನ್ ಮಾಡಿದ್ದ. ಮಾಂಸ ತುಂಬಿ ಕರಿದ ಆಲಿವ್, ಹಿಟ್ಟಿನ ಹಾಳೆಗಳ ನಡುವೆ ಮಾಂಸದ ಗೊಜ್ಜು ಹಾಕಿ ಬೇಯಿಸಿದ ಹನ್ನೆರಡು ಪದರದ ವಿಂಚಿಸ್‌ಗ್ರಾಸಿ, ಆಮೇಲೆ ಹುರಿದ ಮೊಲದ ಮಾಂಸ.

“ನಂಗೆ ಬೇಡ ಜೆಲಿಂದಾ, ಹಸಿವಿಲ್ಲ.”

“ಹಸಿವಿಗೂ ಊಟಕ್ಕೂ ಏನೇ ಸಂಬಂಧ? ತಿನ್ನು ತಾಯಿ, ಆಸ್ಪತ್ರೇಲಿ ನಿಂಗೆ ಗಂಜಿನೇ ಗತಿ.”

ನಾನು ಉಪವಾಸ ಕೂರಬೇಕಿತ್ತು. ಯಾಕೆಂದರೆ ಉಂಡ ಮೇಲೆ ಮೂರು ಗಂಟೆ ನೀರಿಗಿಳಿಯಬಾರದು ಎಂಬುದು ನಮ್ಮ ದೇಶದ ಅತಿ ದೊಡ್ಡ ಶಾಸ್ತ್ರ. ಇಳಿದರೆ ಉಂಡದ್ದು ಅರಗುವುದು ನಿಂತುಹೋಗಿ ಕಲ್ಲಿನ ಹಾಗೆ ಮುಳುಗುತ್ತೇವಂತೆ. ಲೋಕದವರೆಲ್ಲ ಕೈಯಲ್ಲಿ ಬ್ರೆಡ್ಡು ಹಿಡಿದುಕೊಂಡೇ ನೀರಿಗೆ ಹಾರುತ್ತಾರೆ, ಬದುಕಿಯೇ ಇದ್ದಾರೆ. ಇಂಥ ಪೊಳ್ಳು ಮಾತಿಗೆ ಹೆದರುವ ಹೆಂಗಸು ನಾನಲ್ಲ ಎಂದುಕೊಂಡು ಕೋಪದಲ್ಲಿ ಎರಡು ಸಲ ಹಾಕಿಸಿಕೊಂಡು ತಿಂದೆ. ರುಚಿಯಾಗಿಯೂ ಇತ್ತು, ಹಾಳಾಗಿಹೋಗಲಿ.

ಕೊನೆಗೆ ಕಲ್ಲಂಗಡಿ ಬಂತು. ಆ ಮೂರು ಗಂಟೆ ಯಾವಾಗಿನಿಂದ ಎಣಿಸಬೇಕೆಂದು ಅಕ್ಕ ತಮ್ಮನಿಗೆ ಜಗಳ ಶುರುವಾಯಿತು.

“ಕಲ್ಲಂಗಡಿ ಬರೀ ನೀರು ಕಣೋ, ಅದು ಲೆಕ್ಕಕ್ಕಿಲ್ಲ.”

“ಹಲ್ಲಲ್ಲಿ ಅಗಿದದ್ದೆಲ್ಲ ಊಟಾನೇ ಅಕ್ಕ. ಈಗ ಎರಡೂ ಹತ್ತು. ಐದೂ ಹತ್ತಕ್ಕೆ ಇಳೀಬಹುದು.”

ಇಬ್ಬರೂ ಓದಿದವರು. ಒಬ್ಬಳು ಶಾಲೆಯಲ್ಲಿ ವಿಜ್ಞಾನದ ಪಾಠ ಹೇಳಿ ನಿವೃತ್ತಳಾದವಳು. ಅವರನ್ನು ನೋಡಿ ನನಗೆ ಅಸಹ್ಯವಾಯಿತು.

ಕುಪ್ರಾ ಮುಟ್ಟಿದಾಗ ಮೂರೂ ಹತ್ತು. ಸಮುದ್ರ ಒಂದು ಸುಕ್ಕೂ ಇಲ್ಲದೆ ಮಲಗಿತ್ತು. ಫುಲ್ವಿಯೊ ಕಾಲುಚೀಲ ಸಹಿತ ಛತ್ರಿಯ ಕೆಳಗೆ ಕೂತ. ನಾನು ಈಜುಡುಗೆ ತೊಟ್ಟು, ಕಿವಿಗೆ ಬಿರಡೆ ಒತ್ತಿಕೊಂಡು ಸೀದಾ ನೀರಿನತ್ತ ನಡೆದೆ. ಅವನು ಕೂಗಲಿ, ದಂಡೆಯವರೆಲ್ಲ ತಿರುಗಿ ನೋಡಲಿ, ಎಲ್ಲರೆದುರು ಅವನ ಮರ್ಯಾದೆ ತೆಗೆದು ಮುಳುಗುತ್ತೇನೆ ಎಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ನೀರು ಪಾದ ದಾಟಿತು. ಮೊಣಕಾಲಿಗೆ ಬಂತು. ಅಲ್ಲಿ ನಿಂತೆ.

ತಿಂದ ಹನ್ನೆರಡೂ ಪದರ ಒಟ್ಟಿಗೆ ನೆನಪಾದವು. ಇದೇ ದಂಡೆಯಲ್ಲಿ ಊಟವಾದ ಮೇಲೆ ಅಮ್ಮ ನಮ್ಮ ಮಣಿಕಟ್ಟು ಹಿಡಿದು, ಚರ್ಚಿನ ಗಂಟೆ ಬಾರಿಸುವ ತನಕ ಬಿಡುತ್ತಿರಲಿಲ್ಲ. ಆಕೆ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಹಿಡಿತ ಮಾತ್ರ ಸಡಿಲವಾಗಿರಲಿಲ್ಲ.

ಬೆನ್ನ ಹಿಂದಿನಿಂದ ಫುಲ್ವಿಯೊ ಕೂಗಿದ.

“ಯಾಕೆ ನಿಂತ್ಕೊಂಡೆ ನಿವೆಸ್? ಹೋಗೇ! ನನ್ನ ಮಾತು ನೀನು ಯಾವತ್ತು ಕೇಳಿದೀಯ? ಇವತ್ತು ಬಿಟ್ರೆ ಇಲ್ಲ ಅಲ್ವಾ, ಹೋಗು. ನಾನಿಲ್ಲೇ ನೋಡ್ತಿರ್ತೀನಿ.”

ಅವನು ತಡೆಯಲಿಲ್ಲ. ತಡೆದಿದ್ದರೆ ನಾನು ಹಾರಿಯೇ ಬಿಡುತ್ತಿದ್ದೆ.

“ಇನ್ನೂ ಎರಡು ಗಂಟೆ ಇದ್ಯಲ್ಲ,” ಅಂದೆ. ನನ್ನ ಬಾಯಿಂದಲೇ ಬಂತು ಆ ಮಾತು.

ಅವನು ಚೀಲ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟ. ನಾನು ಹೋಗಿ ಕೂತೆ. ನಾಲ್ಕೂವರೆಗೆ ಗಾಳಿ ಎದ್ದಿತು. ಐದಕ್ಕೆ ಹತ್ತು ನಿಮಿಷವಿದ್ದಾಗ ಅಲೆಗಳು ದಂಡೆಯಾಚೆಯ ಬಂಡೆಗಳ ಮೇಲೆ ಹಾರತೊಡಗಿದವು. ಕಾವಲಿನವನು ಸೀಟಿ ಊದಿ, ನೀರಿನಲ್ಲಿದ್ದವರನ್ನೆಲ್ಲ ಮೇಲೆ ಕರೆದು, ಕೆಂಪು ಬಾವುಟ ಏರಿಸಿದ.

“ನಿನ್ನಿಂದಾನೇ...” ಎಂದು ಫುಲ್ವಿಯೊನ ಕಡೆ ತಿರುಗಿದೆ. ಅವನು ಟವೆಲ್ ಬಿಚ್ಚಿ ಹಿಡಿದುಕೊಂಡು, ನನ್ನನ್ನು ಒರೆಸಲು ತಯಾರಾಗಿ ನಿಂತಿದ್ದ. ಒರೆಸುವುದಕ್ಕೆ ನನ್ನ ಮೈಯಲ್ಲಿ ಒಂದು ಹನಿ ನೀರೂ ಇರಲಿಲ್ಲ.