ಅಪ್ಪ ತಾರದ ಬೆಳ್ಳಿ ಮೇಕೆ

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ, ಲಂಡನ್ನಿನ ಇಲ್ಫರ್ಡ್‌ನ ತಮ್ಮ ಮನೆಯಲ್ಲಿ, ಡಾ. ಮೈತ್ರೇಯಿ ತಮ್ಮ ತಂದೆಯ ಫೋಟೊವನ್ನು ಹರಾಜು ಕಂಪನಿಯೊಂದರ ಕ್ಯಾಟಲಾಗಿನಲ್ಲಿ ನೋಡಿದರು. ತಂದೆ ಡಾ. ಜಗನ್ನಾಥ ತೀರಿಕೊಂಡು ಮೂವತ್ತೊಂದು ವರ್ಷವಾಗಿತ್ತು.

ಕ್ಯಾಟಲಾಗನ್ನು ತಂದವನು ಭಾರ್ಗವ. ಬೆಂಗಳೂರಿನಿಂದ ಐಟಿ ಕೆಲಸಕ್ಕೆ ಬಂದವನು, ಈಗ ಆ ಕಂಪನಿಯಲ್ಲಿ ಭಾರತೀಯ ಗ್ರಾಹಕರನ್ನು ನೋಡಿಕೊಳ್ಳುತ್ತಿದ್ದ. ಕನ್ನಡ ಸಂಘದ ರಾಜ್ಯೋತ್ಸವ ಸ್ಮರಣ ಸಂಚಿಕೆಯ ಸಂಪಾದಕನೂ ಅವನೇ. ಹೋದ ವರ್ಷದ ಸಂಚಿಕೆಗೆ ಮೈತ್ರೇಯಿ ತಂದೆಯ ಬಗ್ಗೆ ಒಂದು ಪುಟದ ಲೇಖನ ಬರೆದು, ಈ ಫೋಟೊ ಕೊಟ್ಟಿದ್ದರು: 1949, ಇರಾನಿನ ಅಬದಾನ್, ತೈಲ ಕಂಪನಿಯ ಆಸ್ಪತ್ರೆ. ವಾರ್ಡಿನ ಬಾಗಿಲಲ್ಲಿ ಬಿಳಿ ಕೋಟಿನ ಯುವಕ, ಪಕ್ಕದಲ್ಲಿ ಇಬ್ಬರು ನರ್ಸುಗಳು. ಕ್ಯಾಟಲಾಗಿನಲ್ಲಿ ನರ್ಸುಗಳನ್ನು ಕತ್ತರಿಸಿ ತೆಗೆದಿದ್ದರು.

ಎದುರು ಪುಟದಲ್ಲಿ ಹರಾಜಿಗಿಟ್ಟ ವಸ್ತು, ಲಾಟ್ ನಂಬರ್ ನಲವತ್ತೇಳು. ಕ್ರಿಸ್ತಪೂರ್ವ ಐದನೆಯ ಶತಮಾನದ ಪರ್ಷಿಯಾದ ಬೆಳ್ಳಿಯ ಪಾನಪಾತ್ರೆ, ಎತ್ತರ ಇಪ್ಪತ್ತೆರಡು ಸೆಂಟಿಮೀಟರ್. ಮೇಲೆ ಕೊಂಬಿನಂತೆ ಅಗಲವಾದ ಬಾಯಿ. ಕೆಳಗೆ, ಮುಂಗಾಲು ಮಡಚಿ ಕೂತ ಕಾಡುಮೇಕೆ. ಮೇಲಿನಿಂದ ಸುರಿದ ದ್ರಾಕ್ಷಾರಸ ಮೇಕೆಯ ಎದೆಯಲ್ಲಿರುವ ಸಣ್ಣ ತೂತಿನಿಂದ ಬಟ್ಟಲಿಗೆ ಬೀಳುತ್ತದೆ. ಎರಡೂವರೆ ಸಾವಿರ ವರ್ಷ ಕಳೆದರೂ ಅದರ ಗಡ್ಡದ ಒಂದೊಂದು ಎಳೆಯೂ ಬೇರೆಬೇರೆಯಾಗಿ ಕಾಣುತ್ತಿತ್ತು.

ಅದರಡಿ ಹೀಗೆ ಅಚ್ಚಾಗಿತ್ತು: "ಅಬದಾನ್‌ನಲ್ಲಿ 1951ರಲ್ಲಿ ಡಾ. ಜಗನ್ನಾಥ ಅವರು ಪಡೆದದ್ದು. 1974ರವರೆಗೆ ಮೈಸೂರಿನಲ್ಲಿ ಕುಟುಂಬದ ದೇವರ ಮನೆಯಲ್ಲಿತ್ತು. ಪ್ರತಿ ಶುಕ್ರವಾರ ಮನೆಯ ಹೆಂಗಸರು ಹುಣಸೆಹಣ್ಣಿನಿಂದ ಉಜ್ಜುತ್ತಿದ್ದರು. ನಂತರ ಲಂಡನ್‌ನ ಖಾಸಗಿ ಸಂಗ್ರಹ."

"ಇದನ್ನ ನಾನು ಕಣ್ಣಲ್ಲಿ ಕಂಡಿಲ್ಲ," ಎಂದರು ಮೈತ್ರೇಯಿ.

"ಗೊತ್ತು ಆಂಟಿ." ಭಾರ್ಗವ ಒಂದು ಹಾಳೆಯನ್ನು ಅವರ ಕಡೆ ಸರಿಸಿದ. "ಇದು ಬರೀ ಫಾರ್ಮಾಲಿಟಿ. ಪುರಾತನ ವಸ್ತು ಕಳ್ಳಸಾಗಣೆ ತಡೆಯೋ ಯುನೆಸ್ಕೊ ಒಪ್ಪಂದ ಆದದ್ದು 1970ರಲ್ಲಿ. ಅದಕ್ಕೆ ಮೊದಲೇ ಇರಾನಿನಿಂದ ಹೊರಗೆ ಬಂದಿತ್ತು ಅಂತ ತೋರಿಸದಿದ್ರೆ ಯಾವ ಮ್ಯೂಸಿಯಮ್ಮೂ ಮುಟ್ಟಲ್ಲ. ನಿಮ್ಮ ತಂದೆ ಅಬದಾನ್‌ನಲ್ಲಿ ಇದ್ದದ್ದು ನಿಜ ತಾನೆ? ಇನ್ನೊಂದು ಸಾಲು ಸೇರಿಸಿದೀವಿ, ಅಷ್ಟೆ."

"ಅಷ್ಟೆ?"

"ಹರಾಜು ಗುರುವಾರ. ಅದಕ್ಕೆ ಮೊದಲು, ಇಲ್ಲಿ ಬರೆದದ್ದೆಲ್ಲ ನಿಜ ಅಂತ ಕುಟುಂಬದವರ ಸೈನ್ ಬೇಕಂತೆ ಲಾಯರಿಗೆ. ಆಂಟಿ ಇಲ್ಲ ಅನ್ನಲ್ಲ ಅಂತ ನಾನೇ ಹೇಳ್ಬಿಟ್ಟೆ."

ಅಡುಗೆಮನೆಯಿಂದ ಮಗಳು ಪ್ರಾಚಿ ಕೂಗಿದಳು: "ಮಮ್, ಡೋಂಟ್ ಸೈನ್ ಎನಿಥಿಂಗ್!"

ಮೈತ್ರೇಯಿ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು. ನಲವತ್ತು ವರ್ಷ ಅರಿವಳಿಕೆ ತಜ್ಞೆಯಾಗಿದ್ದವರು. ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವರಲ್ಲ.

"ಈ ಹುಣಸೆಹಣ್ಣು ಯಾರು ಬರೆದದ್ದು?"

"ನಾನೇ ಆಂಟಿ. ಸ್ವಲ್ಪ ಮನೆತನದ ಟಚ್ ಇರ್ಲಿ ಅಂತ."

"ಬೆಳ್ಳಿಗೆ ಹುಣಸೆಹಣ್ಣು ಯಾರಪ್ಪ ಹಾಕ್ತಾರೆ? ಹುಣಸೆ ಹಿತ್ತಾಳೆಗೆ, ತಾಮ್ರಕ್ಕೆ. ನಮ್ಮಮ್ಮ ಬೆಳ್ಳಿ ತಿಕ್ಕುತಿದ್ದದ್ದು ವಿಭೂತೀಲಿ. ನಿಮ್ಮನೇಲಿ ಯಾರು ತಿಕ್ಕುತಿದ್ರು?"

"ಕೆಲಸದವರು."

"ಅದೇ ಮತ್ತೆ. ಸುಳ್ಳು ಹೇಳೋಕೂ ಒಂದಿನ ಪಾತ್ರೆ ತಿಕ್ಕಿರಬೇಕು ಕಣಯ್ಯ. ಅದೂ ಹೆಂಡ ಕುಡಿಯೋ ಪಾತ್ರೆ! ಇದನ್ನ ನಮ್ಮಮ್ಮ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದ್ರಾ?"

ಭಾರ್ಗವ ನಕ್ಕ. ಮೈತ್ರೇಯಿ ನಗಲಿಲ್ಲ.

"ಮಾರ್ತಿರೋರು ಯಾರು?"

"ಕ್ಲೈಂಟ್ ಹೆಸರು ಹೇಳೋ ಹಾಗಿಲ್ಲ ಆಂಟಿ. ಆದ್ರೆ ಪಾತ್ರೆ ಅಪ್ಪಟ, ಲ್ಯಾಬ್ ಟೆಸ್ಟ್ ಆಗಿದೆ. ಮ್ಯೂಸಿಯಮ್ಮಿಗೆ ಹೋದ್ರೆ ನಿಮ್ಮ ತಂದೆ ಹೆಸರು ಪರ್ಮನೆಂಟಾಗಿ ಗಾಜಿನ ಪೆಟ್ಟಿಗೆ ಮೇಲಿರತ್ತೆ. ಯಾರಿಗೆ ನಷ್ಟ ಹೇಳಿ?"

"ನಮ್ಮಪ್ಪ ಆಸ್ಪತ್ರೆಯಿಂದ ಒಂದು ಥರ್ಮಾಮೀಟರ್ ಮನೆಗೆ ತಂದವರಲ್ಲ. ತೈಲ ಕಂಪನಿ ಬಾಗಿಲು ಹಾಕಿದಾಗ ತಂದದ್ದು ಒಂದು ಟ್ರಂಕು, ಒಂದು ಕಂಬಳಿ, ದಾರೀಲಿ ಅರ್ಧ ಖಾಲಿಯಾದ ಒಂದು ಡಬ್ಬ ಖರ್ಜೂರ. ನಾಳೆ ಇರಾನಿನವರು ಕೇಳ್ತಾರೆ, ನಮ್ಮ ಮೇಕೆ ಹೊತ್ತುಕೊಂಡು ಹೋದ ಕಳ್ಳ ಯಾರು ಅಂತ. ಪುಸ್ತಕ ತೆಗೆದ್ರೆ ನಮ್ಮಪ್ಪನ ಮುಖ. ನಿನ್ನ ಕ್ಲೈಂಟ್ ಮುಖ ಎಲ್ಲಯ್ಯ ಅದರಲ್ಲಿ?"

"ಅಷ್ಟು ದೂರ ಯಾರೂ ಯೋಚನೆ ಮಾಡಲ್ಲ ಆಂಟಿ."

"ಸಂಘದ ಸಂಚಿಕೆಗೆ ಅಂತ ಕೊಟ್ಟ ಫೋಟೊ ಅದು. ನನ್ನ ಒಂದು ಮಾತು ಕೇಳಿದ್ಯಾ? ಸತ್ತವರ ಜೇಬಿಗೆ ಕಳವಿನ ಮಾಲು ತುರುಕಿ, ಮಗಳ ಹತ್ರ ಸೈನ್ ಕೇಳೋಕೆ ಬಂದಿದ್ದೀಯ. ಕಾಫಿ ಕೊಟ್ಟೆನಲ್ಲ ನಿನಗೆ!"

ಭಾರ್ಗವ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದ. ಮೈತ್ರೇಯಿ ಅದನ್ನು ಬಿಡಲಿಲ್ಲ. ಅಚ್ಚಾದ ಸಾಲುಗಳ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದರು. ಈ ಪಾತ್ರೆ ನನ್ನ ತಂದೆಯದಲ್ಲ. ನಮ್ಮ ಮನೆಯಲ್ಲಿ ಎಂದೂ ಇರಲಿಲ್ಲ. ಫೋಟೊವನ್ನು ನನ್ನ ಅನುಮತಿಯಿಲ್ಲದೆ ಬಳಸಲಾಗಿದೆ. ನಂತರ ಪೂರ್ತಿ ಹೆಸರು, ದಿನಾಂಕ, ಸಹಿ.

"ಸೈನ್ ಬೇಕಂದೆಯಲ್ಲ, ಹಾಕಿದೀನಿ."

"ಆಂಟಿ, ಪ್ಲೀಸ್. ನನ್ನ ಕೆಲಸ ಹೋಗತ್ತೆ."

"ಹೋಗಲಿ."

ಅವನು ಹೊರಟ ಮೇಲೆ ಪ್ರಾಚಿ ಆ ಹಾಳೆಯನ್ನು ಸ್ಕ್ಯಾನ್ ಮಾಡಿದಳು. ಹನ್ನೊಂದೂವರೆಗೆ ಅದು ಹರಾಜು ಕಂಪನಿಗೂ ಪೊಲೀಸರಿಗೂ ಇಮೇಲ್‌ನಲ್ಲಿ ಹೋಯಿತು. ಜೊತೆಗೆ ಸ್ಮರಣ ಸಂಚಿಕೆಯ ಪುಟ, ನರ್ಸುಗಳಿದ್ದ ಪೂರ್ತಿ ಫೋಟೊ.

ಬುಧವಾರ ಲಾಟ್ ನಲವತ್ತೇಳನ್ನು ಹರಾಜಿನಿಂದ ಕೈಬಿಡಲಾಯಿತು. ಕಾರಣ ಕೊಡಲಿಲ್ಲ. ವೆಬ್‌ಸೈಟಿನಿಂದ ಡಾ. ಜಗನ್ನಾಥರ ಹೆಸರು ತೆಗೆದಿದ್ದೇವೆ, ಅಂಚೆಯಲ್ಲಿ ಹೋದ ಆರುನೂರು ಪ್ರತಿಗಳನ್ನು ಹಿಂದಕ್ಕೆ ಪಡೆಯಲಾಗದು ಎಂದು ಕಂಪನಿ ಎರಡು ಸಾಲಿನ ಪತ್ರ ಬರೆಯಿತು. ಕ್ಷಮೆ ಕೇಳಿರಲಿಲ್ಲ. ಪೊಲೀಸರು ದೂರಿಗೆ ಒಂದು ನಂಬರ್ ಕೊಟ್ಟರು.

ಐದು ತಿಂಗಳ ನಂತರ ಅದೇ ಮೇಕೆ ಯುರೋಪಿನ ಇನ್ನೊಂದು ನಗರದ ಹರಾಜಿಗೆ ಬಂತು. ಹಿಂದಿನ ಒಡೆಯರ ಜಾಗದಲ್ಲಿ 1962ರಲ್ಲಿ ತೀರಿಕೊಂಡ ಬೆಲ್ಜಿಯಂನ ರೈಲ್ವೆ ಎಂಜಿನಿಯರ್ ಒಬ್ಬರ ಹೆಸರಿತ್ತು. ಮೈತ್ರೇಯಿ ಅಲ್ಲಿಗೂ ಪತ್ರ ಬರೆದರು. ಉತ್ತರ ಬರುವ ಮೊದಲೇ ಪಾತ್ರೆ ಮಾರಾಟವಾಯಿತು.